ಚೌಕಟ್ಟು ದಾಟದ ಕಪ್ಪು

"ಅವನು ಮಾಡಿಲ್ಲ ಮೇಡಮ್. ಅಷ್ಟನ್ನ ಸಾಬೀತು ಮಾಡಿಕೊಡಿ, ಸಾಕು."

ಬಂದಾಕೆ ಕುರ್ಚಿಯ ಅಂಚಿಗೆ ಮಾತ್ರ ಕೂತಿದ್ದರು, ಹೆಚ್ಚು ಜಾಗ ಹಿಡಿದರೆ ಯಾರಾದರೂ ಏಳಿಸಿಬಿಟ್ಟಾರು ಎಂಬಂತೆ. ವಯಸ್ಸು ಅರವತ್ತರ ಆಚೆ. ಬಲ ಹುಬ್ಬನ್ನು ಎರಡಾಗಿ ಸೀಳಿದ ಒಂದು ಹಳೆಯ ಗಾಯ. ಉಗುರಿನ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಕೊಟ್ಟ ಚಹಾ ಎದುರಿಗೆ ಆರುತ್ತಿತ್ತು.

ಎದುರು ಕೂತಿದ್ದ ಅತ್ತೆ, ಬಾಗಿಲ ಬಳಿ ನಿಂತಿದ್ದ ಅಳಿಯನತ್ತ ನೋಡಿದರು. ಚೀಲ ತೆಗೆದುಕೋ ಎಂದು ಆ ನೋಟದ ಅರ್ಥ. ವಿಮಾ ಕಂಪನಿಯಲ್ಲಿದ್ದು, ಸುಟ್ಟ ಗೋದಾಮು, ಸುಟ್ಟ ಅಂಗಡಿಗಳನ್ನು ಕೆದಕಿ, ಬೆಂಕಿ ಇಟ್ಟವರನ್ನು ಪತ್ತೆಹಚ್ಚುತ್ತ ಆಯುಷ್ಯ ಕಳೆದವರು ಅವರು. ನಿವೃತ್ತರಾದ ಮೇಲೂ ಬೀದಿಯವರ ಬಾಯಲ್ಲಿ 'ಬೂದಿ ಮೇಡಮ್' ಆಗಿಯೇ ಉಳಿದಿದ್ದರು. ಮಗಳು ಬೆಳಿಗ್ಗೆ ಕೆಲಸಕ್ಕೆ ಹೊರಟರೆ, ಔಷಧಿ ಅಂಗಡಿ ಮುಚ್ಚಿ ಕೈಕಟ್ಟಿ ಕೂತಿದ್ದ ಅಳಿಯ ಅತ್ತೆಯ ಹಿಂದೆ ಹೊರಡುತ್ತಿದ್ದ. "ಜನಕ್ಕೆ ನಾನು ಮನೆಅಳಿಯ, ಅತ್ತೆಗೆ ಚೀಲದಳಿಯ" ಎಂದು ತಾನೇ ನಗುತ್ತಿದ್ದ.

ವಿಷಯ ಇಷ್ಟು. ಆಕೆಯ ಗಂಡ ಬರೆಯುತ್ತಿದ್ದ 'ಕಡಲಡಿಯದು' ಎಂಬ ಚಿತ್ರಕತೆಯ ಸಂಚಿಕೆಗಳನ್ನು ಓದದ ಮನೆ ಕಡಿಮೆ. ಹಿಂದಿನ ಕಾಲದ ವಿಚಿತ್ರ ಭಯದ ಕತೆಗಳ ಗುಂಗಿನಲ್ಲಿ ಹುಟ್ಟಿದ ಸರಣಿ ಅದು: ಮಂಜು ಮುಸುಕಿದ ದೀಪಸ್ತಂಭ, ಮುಳುಗಿದ ನಗರ, ನೀರಿನಡಿಯಿಂದ ಮೇಲೇರುವ ಹೆಸರಿಲ್ಲದ ಒಂದು ಜೀವ. ನೋಡಿದವರಿಗೆ ಹುಚ್ಚು ಹಿಡಿಯುತ್ತಿತ್ತು. ಓದುವವರಿಗೆ ಮಾತ್ರ ಎಂದೂ ಅದರ ಮುಖ ಕಂಡಿರಲಿಲ್ಲ. ಕೊನೆಯ ಸಂಚಿಕೆಯ ಕೊನೆಯ ಪುಟದಲ್ಲಿ ಕಾಣಬೇಕಿತ್ತು. ಗಂಡ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದರು. ಅಕ್ಷರ ಬರೆಯುವವನು ಗುಳ್ಳೆಗಳೊಳಗೆ ಮಾತುಗಳನ್ನು ಬರೆದ. ಬಳಿಕ ಆಕೆ, ಎಂದಿನಂತೆ, ಗೆರೆಗಳ ಮೇಲೆ ಇಂಕು ಹಾಕಿದರು. ಮಾರನೆಯ ಬೆಳಿಗ್ಗೆ ಪ್ರಕಾಶಕ ಚಿತ್ರಶಾಲೆಯ ಬೀಗ ತೆಗೆದಾಗ ಆ ಮುಖ ಕಪ್ಪಿನಲ್ಲಿ ಮುಳುಗಿತ್ತು. ಆರೋಪ ಅಕ್ಷರದವನ ಮೇಲೆ ಬಿತ್ತು.

ಚಿತ್ರಶಾಲೆ ಮುದ್ರಣಾಲಯದ ಮಾಳಿಗೆಯಲ್ಲಿತ್ತು. ಕೆಳಗಿನ ಯಂತ್ರ ತಿರುಗಿದಂತೆಲ್ಲ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಪ್ರಕಾಶಕ ಪುಟವನ್ನು ಶವ ತೋರಿಸುವವನಂತೆ ಬಟ್ಟೆ ಸರಿಸಿ ತೋರಿಸಿದ.

"ಸಂಜೆ ಬೀಗ ಹಾಕಿದ್ದು ಅಕ್ಷರದವನೇ. ಅದಕ್ಕೂ ಮುಂಚೆ ನನ್ನೆದುರೇ ಅಂದಿದ್ದ, 'ಈ ಪುಟ ಅಚ್ಚಾಗಬಾರದು' ಅಂತ. ಯಾಕಪ್ಪಾ ಅಂದ್ರೆ ಬಾಯಿಗೂ ಬೀಗ. ಇನ್ನೇನು ಬೇಕು ಮೇಡಮ್? ಪೊಲೀಸರಿಗೆ ಒಪ್ಪಿಸ್ತೀನಿ. ಇನ್ಯಾವ ಪ್ರೆಸ್ಸಿನವನೂ ಇವನಿಗೆ ಕೆಲಸ ಕೊಡದ ಹಾಗೆ ನೋಡ್ಕೋತೀನಿ."

"ಬೀಗದ ಕೈ ಇನ್ನು ಯಾರ ಹತ್ರ ಇದೆ?"

"ನನ್ನ ಹತ್ರ ಇದೆ. ಹಿಂದುಗಡೆ, ಚಿತ್ರ ಬರೆಯೋ ಸರ್ ಮನೇಲಿ ಒಂದಿದೆ. ಹೆತ್ತ ಕೂಸಿನ ಕತ್ತು ಅವರೇ ಹಿಚುಕ್ತಾರಾ?"

ಅತ್ತೆ ಪುಟವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಮಗುಚಿ, ಬೆನ್ನಿನ ಮೇಲೆ ಬೆರಳು ಆಡಿಸಿದರು. "ಅಳಿಯಂದಿರೇ, ಏನು ಕಾಣ್ತಿದೆ?"

"ಕಪ್ಪು."

"ಅದು ಕುರುಡನಿಗೂ ಕಾಣುತ್ತೆ. ಸುಟ್ಟ ಮನೇಲಿ ಏನು ಸುಟ್ಟಿದೆ ಅಂತ ನೋಡಬಾರದು. ಏನು ಉಳಿದಿದೆ ಅಂತ ನೋಡಬೇಕು."

ಅಳಿಯ ಮತ್ತೆ ನೋಡಿದ. ಕಪ್ಪು ಮುಖವನ್ನೆಲ್ಲ ನುಂಗಿ, ಚಿತ್ರದ ಚೌಕದ ಗೆರೆಯವರೆಗೆ ಬಂದು, ಅಲ್ಲಿ ನಿಂತಿತ್ತು. ಮಾತಿನ ಗುಳ್ಳೆಯನ್ನು ಸುತ್ತು ಹಾಕಿ, ಒಳಗಿನ ಒಂದು ಅಕ್ಷರವನ್ನೂ ಮುಟ್ಟದೆ ಮುಂದೆ ಹೋಗಿತ್ತು. ಓರೆಬೆಳಕಿನಲ್ಲಿ ಒಂದರ ಮೇಲೊಂದು ಎರಡು ಬಳಿತ ಕಂಡವು. ಮೊದಲಿನದು ಒಣಗಿದ ಮೇಲೆ ಎರಡನೆಯದು. ಪಕ್ಕದ ಲೋಟದಲ್ಲಿ ಒಂದು ಬ್ರಶ್ಶನ್ನು ತೊಳೆದು, ಕೂದಲನ್ನು ಮೊನೆಗೂಡಿಸಿ, ತಲೆ ಮೇಲಾಗಿ ನಿಲ್ಲಿಸಲಾಗಿತ್ತು.

ಅಕ್ಷರ ಬರೆಯುವವನು ಮೂಲೆಯ ಮೇಜಿನಲ್ಲಿ ತನ್ನ ನಿಬ್ಬುಗಳನ್ನು ಕಟ್ಟಿಕೊಳ್ಳುತ್ತಿದ್ದ. ನಡುವಯಸ್ಸಿನವನು, ಬೆನ್ನು ಆಗಲೇ ಪ್ರಶ್ನೆಚಿಹ್ನೆಯಂತೆ ಬಾಗಿತ್ತು.

"ಅಚ್ಚಾಗಬಾರದು ಅಂದ್ರಂತೆ?"

"ಅಂದೆ."

"ಯಾಕೆ?"

"ಚೆನ್ನಾಗಿರಲಿಲ್ಲ."

"ಚಿತ್ರ ಚೆನ್ನಾಗಿರಲಿಲ್ಲವಾ?"

"ಚಿತ್ರ ಬಹಳ ಚೆನ್ನಾಗಿತ್ತು." ಅವನು ನಿಬ್ಬನ್ನು ಒರೆಸುತ್ತಲೇ ಇದ್ದ. "ಅದಕ್ಕಿಂತ ಹೆಚ್ಚು ಕೇಳಬೇಡಿ ಮೇಡಮ್."

"ಮಕ್ಕಳಿದ್ದಾರಾ?"

"ಇಬ್ಬರು. ಓದ್ತಿದ್ದಾರೆ."

"ಅವರ ಅನ್ನಕ್ಕೆ ಕಲ್ಲು ಬೀಳುತ್ತಲ್ಲಪ್ಪಾ."

"ಬೀಳುತ್ತೆ" ಎಂದ ಅವನು. ಅಷ್ಟೇ.

ಆಕೆಯ ಗಂಡ, ಕಲಾವಿದರು, ಕಿಟಕಿಯ ಪಕ್ಕ ಮುಂದಿನ ಯಾವುದೋ ಕತೆಗೆ ಹಡಗು ಬರೆಯುತ್ತಿದ್ದರು. ಪೆನ್ಸಿಲ್ ಹಿಡಿದ ಕೈ ಗುದ್ದಲಿ ಹಿಡಿದಂತೆ ಭಾರವಾಗಿ ಊರುತ್ತಿತ್ತು. ಹಡಗಿನ ಹಗ್ಗ ಚೌಕ ದಾಟಿ ಪಕ್ಕದ ಚಿತ್ರದ ಆಕಾಶಕ್ಕೆ ನುಗ್ಗಿತ್ತು.

"ಎಷ್ಟೋ ವರ್ಷ ಆ ಮುಖಕ್ಕೆ ಕಾದಿದ್ದೆ" ಎಂದರು. "ಮಾದರಿ ಯಾರೂ ಇಲ್ಲ. ಕಣ್ಣು ಮುಚ್ಚಿದೆ, ಬಂತು. ನನ್ನೊಳಗಿನ ದಿಗಿಲೆಲ್ಲ ಅದರಲ್ಲಿತ್ತು. ಅಂಥದು ಎರಡನೇ ಸಲ ಬರಲ್ಲ."

"ಇಂಕು ಯಾರು ಹಾಕ್ತಾರೆ?"

"ಮನೆಯವಳು. ಬರೀ ಗೆರೆ ಮೇಲೆ ಗೆರೆ ಎಳೆಯೋ ಕೆಲಸ ಅದು."

ಗೋಡೆಯ ಮೇಲೆ ಹಳೆಯ ಸಂಚಿಕೆಗಳ ಮುಖಪುಟಗಳು ತೂಗುತ್ತಿದ್ದವು. ಅಳಿಯ ಒಂದೊಂದನ್ನೂ ಓದಿದ. ಅವರ ಹೆಸರಿತ್ತು, ಪ್ರಕಾಶಕನ ಹೆಸರಿತ್ತು, ಕೆಳಗೆ ಸಣ್ಣದಾಗಿ ಅಕ್ಷರದವನ ಹೆಸರೂ ಇತ್ತು.

ಮಧ್ಯಾಹ್ನ ಅತ್ತೆ ಎಲ್ಲರನ್ನೂ ಉದ್ದ ಮೇಜಿನ ಸುತ್ತ ಕೂರಿಸಿದರು. ಕಲಾವಿದರ ಹೆಂಡತಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತರು. ಅತ್ತೆ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ್ದು ಅಳಿಯನಿಗೆ ಮಾತ್ರ ಕೇಳಿಸಿತು: "ಹೇಳಲಾ?"

"ಹೇಳಿ" ಎಂದರು ಆಕೆ.

ಅತ್ತೆ ಪುಟವನ್ನು ಮೇಜಿನ ನಡುವೆ ಇಟ್ಟರು. "ದ್ವೇಷಕ್ಕೆ ಪುಟ ಹಾಳು ಮಾಡೋನು ಇಂಕಿನ ಸೀಸೆ ಸುರೀತಾನೆ, ಓಡ್ತಾನೆ. ಇಲ್ಲಿ ಹಾಗಾಗಿಲ್ಲ. ಬಳಿದವರು ಒಂದು ಸಲ ಬಳಿದು, ಒಣಗೋವರೆಗೆ ಕಾದು, ಮತ್ತೆ ಬಳಿದಿದ್ದಾರೆ. ಚೌಕದ ಗೆರೆ ದಾಟಿಲ್ಲ. ಹಾಳು ಮಾಡುವಾಗಲೂ ಕೆಲಸ ಕೆಡಿಸೋಕೆ ಬಾರದ ಕೈ ಅದು."

ಪ್ರಕಾಶಕ ಕೆಮ್ಮಿದ. "ಅಂದ್ರೆ ನನ್ನ ಮೇಲೂ ಅನುಮಾನ ಇತ್ತು ಅನ್ನಿ."

"ಇತ್ತು. ಸರಣಿ ಮುಗಿಯೋದು ನಿಮಗೆ ಇಷ್ಟ ಇರಲಿಲ್ಲ. ಆದರೆ ನಿಮ್ಮ ಕಪಾಟು ನೋಡಿದೆ. ಹರಿದ ಪುಟಾನೂ ಎಸೆದಿಲ್ಲ. ನೀವಾದ್ರೆ ಪುಟ ಕದೀತಿದ್ರಿ, ಕೆಡಿಸ್ತಿರಲಿಲ್ಲ." ಅತ್ತೆ ಕಲಾವಿದರತ್ತ ತಿರುಗಿದರು. "ನಿಮ್ಮ ಗೆರೆ ಚೌಕದೊಳಗೆ ನಿಲ್ಲೋದೇ ಇಲ್ಲ. ಆಮೇಲೆ ಯಾರೋ ಒರೆಸಿ ಸರಿ ಮಾಡ್ತಾರೆ. ಇನ್ನು ಅಕ್ಷರದವರು. ಅವರ ಮೇಜಿನ ಮೇಲೆ ಇರೋದೆಲ್ಲ ನಿಬ್ಬು, ಬ್ರಶ್ ಒಂದೂ ಇಲ್ಲ. ತೊಳೆದು, ಮೊನೆ ಮಾಡಿ, ನಿಲ್ಲಿಸಿಟ್ಟ ಬ್ರಶ್ಶು ದಿನಾ ಅದನ್ನೇ ಮಾಡೋರದು."

"ಹಾಗಾದ್ರೆ ಅಚ್ಚಾಗಬಾರದು ಅಂತ ಯಾಕಂದ?" ಪ್ರಕಾಶಕ ಬಿಡಲಿಲ್ಲ.

"ಪೆನ್ಸಿಲ್ ಪುಟ ಇಂಕಿಗೆ ಮುಂಚೆ ಅವರ ಕೈಗೆ ಹೋಗುತ್ತೆ. ಮುಖ ಮೊದಲು ನೋಡಿದ್ದು ಅವರು, ಗುರುತು ಹಿಡಿದದ್ದೂ ಅವರು. ತಮ್ಮನ್ನ ಉಳಿಸಿಕೊಳ್ಳಬೇಕು ಅಂದ್ರೆ ಅದು ಯಾರ ಮುಖ ಅಂತ ಹೇಳಬೇಕಿತ್ತು. ಅದಕ್ಕೆ ಬಾಯಿ ಬರಲಿಲ್ಲ. ನನ್ನ ಹತ್ರ ಬಂದೋರು ಕೂಡ ಇವರನ್ನ ಉಳಿಸಿ ಅಂದ್ರೇ ಹೊರತು, ಮಾಡಿದ್ದು ಯಾರು ಅಂತ ಹುಡುಕಿ ಅನ್ನಲಿಲ್ಲ. ಗೊತ್ತಿರೋರು ಕೇಳೋದು ಹಾಗೇ."

ಯಾರೂ ಬಾಗಿಲ ಕಡೆ ನೋಡಲಿಲ್ಲ. ಅತ್ತೆ ಪುಟವನ್ನು ಮಗುಚಿದರು. ಕಲಾವಿದರ ಭಾರದ ಕೈ ಊರಿದ ಗೆರೆಗಳು ಕಾಗದದ ಬೆನ್ನಿನಲ್ಲಿ ಉಬ್ಬಿ ನಿಂತಿದ್ದವು. ಅತ್ತೆ ಪೆನ್ಸಿಲ್ಲನ್ನು ಮಲಗಿಸಿ ಮೆಲ್ಲಗೆ ಉಜ್ಜತೊಡಗಿದರು. ಬೂದುಬಣ್ಣದೊಳಗಿಂದ, ನೀರಿನಿಂದ ಮೇಲೇಳುವಂತೆ, ಮೊದಲು ಜೋತ ಕೆನ್ನೆ ಬಂತು. ಆಮೇಲೆ ನಿದ್ದೆಗೆಟ್ಟ ಕಣ್ಣು. ಕೊನೆಗೆ ಎರಡಾಗಿ ಸೀಳಿದ ಹುಬ್ಬು. ಮಗುಚಿದ್ದರಿಂದ ಅದು ಎಡಬಲ ಅದಲುಬದಲಾಗಿತ್ತು, ಆಕೆ ದಿನವೂ ಕನ್ನಡಿಯಲ್ಲಿ ಕಾಣುತ್ತಿದ್ದ ಹಾಗೆಯೇ.

ಪ್ರಕಾಶಕ ಪುಟ ನೋಡಿದ, ಆಕೆಯನ್ನು ನೋಡಿದ, ಬಳಿಕ ನೆಲ ನೋಡಿದ.

"ಪೂರ್ತಿ ಇಂಕು ಹಾಕಿದೆ" ಎಂದರು ಆಕೆ, ಯಾರಿಗೆಂದಿಲ್ಲದೆ. "ಒಂದು ಸುಕ್ಕೂ ಬಿಡದೆ. ಮುಗಿಸಿ ದೂರ ಹಿಡಿದು ನೋಡಿದೆ. ಆಮೇಲೆ ನೋಡೋಕಾಗಲಿಲ್ಲ. ರಾತ್ರಿ ಮನೆಯಿಂದ ಬೀಗದ ಕೈ ತಗೊಂಡು ಬಂದೆ."

"ಅವರಿಗೆ ಹೇಳಬಹುದಿತ್ತಲ್ಲಮ್ಮಾ" ಎಂದ ಅಳಿಯ.

"ಹೇಳಿದ್ರೆ ಅಳಿಸಿ ಬೇರೆ ಬರೀತಿದ್ರು. ಹೇಳಿದ ಮೇಲೆ ನೋಡೋ ಕಣ್ಣು ನನಗೆ ಯಾತಕ್ಕೆ?"

ಅತ್ತೆಯ ದನಿ ಗಡುಸಾಯಿತು. "ಇರಬಹುದು. ಆದರೆ ನಿಮ್ಮ ನೋವಿಗೆ ಇವರ ಅನ್ನ ಅಡ ಇಟ್ರಲ್ಲ. ನನ್ನನ್ನ ಕರೆಯೋಕೆ ಬಂದ ಕಾಲು ಪ್ರಕಾಶಕರ ಹತ್ರ ಹೋಗಬೇಕಿತ್ತು."

"ಹೋಗಬೇಕಿತ್ತು" ಎಂದು ಆಕೆ ಒಪ್ಪಿಕೊಂಡರು. "ತಪ್ಪಾಯ್ತು ತಮ್ಮಾ."

"ಬಿಡಿ ಅಕ್ಕಾ" ಎಂದ ಅಕ್ಷರದವನು, ಕಟ್ಟಿದ್ದ ನಿಬ್ಬುಗಳನ್ನು ನೋಡುತ್ತ. ಪ್ರಕಾಶಕ ಬೀಗದ ಕೈಯನ್ನು ಮೇಜಿನ ಮೇಲೆ ಅವನತ್ತ ತಳ್ಳಿದ. "ಸೋಮವಾರದಿಂದ ಬಾ." ಕ್ಷಮೆ ಎಂಬ ಮಾತು ಆ ಬಾಯಲ್ಲಿ ಹುಟ್ಟಿರಲಿಲ್ಲ. ಇಬ್ಬರು ಮಕ್ಕಳ ತಂದೆ ಬೀಗದ ಕೈಯನ್ನು ಎತ್ತಿಕೊಂಡ.

ಇಷ್ಟು ಹೊತ್ತೂ ಕಲಾವಿದರು ಪುಟದ ಬೆನ್ನನ್ನೇ ದಿಟ್ಟಿಸುತ್ತಿದ್ದರು. ಕಳೆದುಹೋದದ್ದು ಸಿಕ್ಕಿತೆಂಬ ಬೆಳಕು ಅವರ ಮುಖದ ಮೇಲಿತ್ತು. ಅದನ್ನು ಕಂಡು, ಕೊನೆಗೂ ತಿಳಿಯಿತೇನೋ ಎಂದುಕೊಂಡ ಅಳಿಯ.

"ಉಳಿದಿದೆ" ಎಂದರು ಅವರು. "ಇದನ್ನ ನೋಡಿಕೊಂಡು ಮತ್ತೆ ಬರೀಬಹುದು. ಏನೇನೋ ಮಾತಾಡಿದ್ರಿ, ನಾನು ಕೇಳಿಸಿಕೊಳ್ಳಲಿಲ್ಲ. ಯಾರ ಮುಖ ಅಂದ್ರಿ?"

ಆಕೆ ಸ್ಟೂಲಿನಿಂದ ಎದ್ದು ಬಂದು, ಗಂಡನೆದುರಿನ ಕುರ್ಚಿಯಲ್ಲಿ, ಈ ಸಲ ಪೂರ್ತಿಯಾಗಿ ಒರಗಿ, ಕಿಟಕಿಯ ಬೆಳಕು ನೇರ ಬೀಳುವಂತೆ ಮುಖ ಎತ್ತಿ ಕೂತರು. ಕೆಳಗಿನ ಯಂತ್ರ ನಿಂತಿತ್ತು.

"ಹುಬ್ಬಿನ ಸೀಳು ಮಾತ್ರ ಸ್ವಲ್ಪ ಹೆಚ್ಚಾಯ್ತು" ಎಂದು ಕಲಾವಿದರು ಜೇಬಿನಿಂದ ಪೆನ್ಸಿಲ್ ತೆಗೆದು, ತಲೆ ಎತ್ತದೆ, ತಿದ್ದಲು ಬಾಗಿದರು.