ಮೂರು ರಾತ್ರಿ ಉರಿದ ಬೆಂಕಿ

ಆ ವರ್ಷದ ಐವತ್ತು ಕಿಲೋಮೀಟರ್ ಸ್ಕೀ ಓಟದಲ್ಲಿ ಗೆದ್ದವರು ಯಾರೆಂದು ದಯವಿಟ್ಟು ನನ್ನನ್ನು ಕೇಳಬೇಡಿ. ಆ ಓಟ ನಡೆಯುವ ಹೋಲ್ಮೆನ್‌ಕೋಲೆನ್ ಗುಡ್ಡದ ಬುಡದಲ್ಲೇ ಹುಟ್ಟಿದವನು ನಾನು. ಟ್ರಾಮ್ ಓಡಿಸಿ ನಿವೃತ್ತನಾದೆ. ಮೈಯಲ್ಲಿ ಜ್ವರವಿದ್ದರೂ ಓಟ ನೋಡುವುದನ್ನು ಬಿಟ್ಟವನಲ್ಲ. ಆದರೆ ಆ ಶನಿವಾರ ಓಟಗಾರರೆಲ್ಲ ನನ್ನ ಬೆನ್ನ ಹಿಂದೆಯೇ ಹಾದುಹೋದರು. ನಾನು ತಿರುಗಿಯೂ ನೋಡಲಿಲ್ಲ.

ಬೆಳಗ್ಗೆ ನಾನು ಥರ್ಮಾಸಿಗೆ ಕೋಕೋ ತುಂಬುತ್ತಿದ್ದಾಗ ಯಾರೋ ಬಾಗಿಲನ್ನು ಮುರಿಯುವ ಹಾಗೆ ಬಡಿದರು. ತೆರೆದರೆ ನಲವತ್ತರ ಆಸುಪಾಸಿನ ಹೆಂಗಸು. ಟೋಪಿಯಿಲ್ಲ, ಕೈಗವಸಿಲ್ಲ, ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ಗುನ್ವೋರ್ ಅನ್ನೋರು ಇಲ್ಲೇ ಇರೋದಾ?"

ಗುನ್ವೋರ್ ನನ್ನ ಮನೆಯ ಮೇಲಂತಸ್ತಿನ ಬಾಡಿಗೆದಾರಳು. ಪೊಲೀಸ್ ಇಲಾಖೆಯಲ್ಲಿ ಕೊಲೆ ಪ್ರಕರಣಗಳನ್ನೇ ನೋಡಿ ನೋಡಿ ನಿವೃತ್ತಳಾದವಳು. ಗುಡ್ಡದ ಜನ ಕಷ್ಟ ಬಂದರೆ ತಟ್ಟುವುದು ನನ್ನ ಬಾಗಿಲನ್ನು, ಕೇಳುವುದು ಅವಳನ್ನು. ನನಗಂತೂ ಅದು ರೂಢಿಯಾಗಿಬಿಟ್ಟಿದೆ.

ಬಂದವಳ ಹೆಸರು ರಾಗ್ನಾ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ನನ್ನ ಗಂಡ ಕಾಣ್ತಿಲ್ಲ. ಓದ್ವಾರ್ ಅಂತ. ಬುಧವಾರದಿಂದ ಕಾಡಲ್ಲಿ ಡೇರೆ ಹಾಕಿದ್ದ, ಸ್ನೇಹಿತ ತೋರ್ಗೈರ್ ಜೊತೆ. ಇವತ್ತು ಮೊದಲನೇ ಟ್ರಾಮಿಗೆ ಬರ್ತೀನಿ, ಸ್ಟೇಷನ್ನಲ್ಲಿ ನಿಂತಿರು ಅಂದಿದ್ದೆ. ಬರ್ಲಿಲ್ಲ. ಅವನ ಫೋನ್ ಸತ್ತಿದೆ."

"ಎಲ್ಲೋ ಕುಡಿದು ಮಲಗಿರ್ತಾನೆ, ಬಿಡಮ್ಮ," ಎಂದೆ ನಾನು.

"ಸಿವರ್ಟ್, ನೀನು ಬಾಯಿ ಮುಚ್ಕೊಂಡು ಕೋಕೋ ತುಂಬು," ಎಂದಳು ಮೆಟ್ಟಿಲಿಳಿದು ಬಂದ ಗುನ್ವೋರ್. "ತೋರ್ಗೈರ್ ಏನಂದ?"

"ಫೋನ್ ಮಾಡಿ ಕೇಳಿದ್ರೆ, ರಾತ್ರೀನೇ ಹೊರಟುಹೋದ ಅಂದ. ಪಕ್ಕದ ಡೇರೆ ಬಿರ್ಗರ್ ಜೊತೆ ಜಾಗಕ್ಕೆ ಜಗಳ ಆಯ್ತಂತೆ. ಸಿಟ್ಟಲ್ಲಿ ಸ್ಕೀ ಕಟ್ಕೊಂಡು ಮನೆ ಕಡೆ ಹೊರಟನಂತೆ. ಮನೇಲಿ ನಾನಿದ್ನಲ್ಲ, ಅವನು ಬಂದೇ ಇಲ್ಲ. ಓಟದ ಗೇಟಲ್ಲಿರೋ ಪೇದೆಗೆ ಹೇಳ್ದೆ. ಇಷ್ಟು ಜನದಲ್ಲಿ ಎಲ್ಲಿ ಹುಡುಕೋದು, ಸಂಜೆ ಜನ ಕರಗಲಿ ಅಂತಾನೆ." ಅವಳ ದನಿ ಒಡೆಯಿತು. "ಈ ಚಳೀಲಿ ಸಂಜೆವರೆಗೆ ಕಾದ್ರೆ ನನಗೆ ಸಿಗೋದು ಹೆಣ. ನನ್ನ ಕೈಲಿ ಕಾಯೋಕಾಗಲ್ಲ."

ಗುನ್ವೋರ್ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದಳು.

ಕಾಡಿನ ದಾರಿ ಜಾತ್ರೆಯಾಗಿತ್ತು. ಕೆನ್ನೆಗೆ ಬಾವುಟ ಬಳಿದುಕೊಂಡ ಮಕ್ಕಳು, ಬೆನ್ನಿಗೆ ಹಿಮಸಾರಂಗದ ಚರ್ಮ ಸುತ್ತಿಕೊಂಡ ಮುದುಕರು, ಆಲೂಗಡ್ಡೆ ರೊಟ್ಟಿಯಲ್ಲಿ ಸುತ್ತಿದ ಸಾಸೇಜಿನ ವಾಸನೆ. ಬುಧವಾರದಿಂದ ಬೀಡುಬಿಟ್ಟವರ ಬೆಂಕಿಗಳು ಹಿಮವನ್ನು ಕರಗಿಸುತ್ತ ಕರಗಿಸುತ್ತ ಸೊಂಟದಾಳಕ್ಕೆ ಇಳಿದಿದ್ದವು. ಜನ ಆ ಗುಂಡಿಗಳ ಅಂಚನ್ನು ಕೆತ್ತಿ ಕುಳಿತಿದ್ದರಿಂದ ದಾರಿಯಲ್ಲಿ ನಡೆಯುವವರಿಗೆ ಬರೀ ಟೋಪಿಗಳು ಕಾಣುತ್ತಿದ್ದವು. ಬೇರೆ ದಿನವಾಗಿದ್ದರೆ ನಾನೂ ಯಾವುದಾದರೂ ಗುಂಡಿಗೆ ಇಳಿದುಬಿಡುತ್ತಿದ್ದೆ. ಆವತ್ತು ರಾಗ್ನಾ ಪ್ರತಿ ಟೋಪಿಯನ್ನೂ ಬಗ್ಗಿ ನೋಡುತ್ತ ನಡೆದಳು, ನಾನು ಅವಳ ಹಿಂದೆಯೇ ನಡೆದೆ.

ಏರಿನ ತಿರುವು ಹತ್ತಿರವಾದಂತೆ ಒಂದು ಗಂಟೆಯ ಸದ್ದು ಕೇಳಿಸಿತು. ಹಸುವಿನ ಕೊರಳಿಗೆ ಕಟ್ಟುವ ದೊಡ್ಡ ಗಂಟೆ, ಓಟಗಾರ ಹಾದುಹೋಗುವಾಗ ನಮ್ಮಲ್ಲಿ ಬಾರಿಸುವಂಥದು, ಬಿಡುವಿಲ್ಲದೆ ಬಡಿಯುತ್ತಿತ್ತು.

"ಯಾರು ಬರ್ತಿದ್ದಾರೆ?" ಎಂದಳು ಗುನ್ವೋರ್.

"ಯಾರೂ ಇಲ್ಲ. ಓಟ ಇನ್ನೂ ಶುರುವಾಗಿಲ್ಲ. ಯಾರಿಗೋ ಬೆಳಗ್ಗೇನೇ ತಲೆಗೇರಿರಬೇಕು."

ಗಂಟೆ ಬಾರಿಸುತ್ತಿದ್ದವನು ತೋರ್ಗೈರೇ. ದೊಡ್ಡದೊಂದು ಬಂಡೆ ಮತ್ತು ಸ್ಪ್ರೂಸ್ ಮರಗಳ ಮರೆಯಲ್ಲಿ ಅವರ ಡೇರೆಯಿತ್ತು. ಮುಂದೆ ಬೆಂಕಿ, ಬೆಂಕಿಯ ಬಳಿ ಚರ್ಮ ಹಾಸಿಕೊಂಡು ಕುಳಿತಿದ್ದ ಆಸಾಮಿ. ದಾರಿಯಿಂದಲೇ ಅವನು ಟೋಪಿಯಿಂದ ಬೂಟಿನವರೆಗೆ ಪೂರ್ತಿ ಕಾಣಿಸಿದ. ದಪ್ಪ ಮುಖ, ಅತ್ತಂತೆ ಕೆಂಪಾದ ಕಣ್ಣು. ರಾಗ್ನಾಳನ್ನು ಕಂಡು ಎದ್ದು ಬಂದ.

"ಸಿಕ್ಕಿದ್ನಾ?" ಎಂದ, ಗಂಟೆ ಬಾರಿಸುತ್ತಲೇ.

"ಇಲ್ಲ," ಎಂದಳು ರಾಗ್ನಾ.

"ಆ ಬಿರ್ಗರನ್ನ ಕೇಳಿ. ಇದು ನಮ್ಮ ಜಾಗ, ನಾವು ಮೀಸೆ ಚಿಗುರೋ ಕಾಲದಿಂದ ಇಲ್ಲೇ ಕೂತಿರೋದು. ಅವನಿಗೆ ಇದರ ಮೇಲೆ ಕಣ್ಣು. ರಾತ್ರಿ ಓದ್ವಾರನ್ನ ಬಾಯಿಗೆ ಬಂದ ಹಾಗೆ ಬೈದ."

ಗುನ್ವೋರ್ ಬೆಂಕಿಗೆ ಕೈ ಚಾಚಿ ನಿಂತಳು. "ಒಳ್ಳೇ ಬೆಂಕಿ. ಇವತ್ತು ಹಚ್ಚಿದ್ದಾ?"

ತೋರ್ಗೈರನಿಗೆ ಅವಮಾನವಾದಂತಾಯಿತು. "ಇವತ್ತಾ? ಬುಧವಾರ ಸಂಜೆ ಹಚ್ಚಿದ್ದು. ಓಟ ಮುಗಿಯೋ ತನಕ ಒಂದ್ಸಲಾನೂ ಆರೋಕೆ ಬಿಡಲ್ಲ. ಪ್ರತಿ ವರ್ಷಾನೂ ಹಾಗೇ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ಹೌದಾ," ಎಂದಳು ಗುನ್ವೋರ್. "ಸ್ವಲ್ಪ ಆ ಗಂಟೆ ಕೆಳಗಿಡಪ್ಪಾ, ನನಗೆ ಕಿವಿ ಮಂದ."

ಅವಳ ಕಿವಿ ಬೆಕ್ಕಿನ ಕಿವಿ. ತೋರ್ಗೈರ್ ನಕ್ಕು, "ಓಟದ ದಿನ ಗಂಟೆ ಕೆಳಗಿಡಬಾರದು," ಎಂದು ಇನ್ನೂ ಜೋರಾಗಿ ಬಾರಿಸಿದ.

ಬಿರ್ಗರನ ಬೀಡು ಬಂಡೆಯ ಆಚೆ ಬದಿಗಿತ್ತು. ಎಂಟು ಹತ್ತು ಜನ ಗುಂಡಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಅವರ ಗಂಟೆಗಳೆಲ್ಲ ಹಿಮದ ಮೇಲೆ ಮಲಗಿದ್ದವು. ಬಿರ್ಗರ್ ಒರಟು ಗಡ್ಡದ ಎತ್ತರದ ಆಳು.

"ರಾತ್ರಿ ಹೋದ್ನಾ? ಯಾರು ಹೇಳಿದ್ದು?" ಎಂದ ಅವನು. "ಇವತ್ತು ಇನ್ನೂ ಕತ್ತಲಿರುವಾಗಲೇ ಇಲ್ಲಿಗೆ ಬಂದಿದ್ದ. ನಮ್ಮೋರೆಲ್ಲ ಮಲಗಿದ್ರು. ನಾನೂ ಅವನೂ ಕಾಫಿ ಕುಡಿದು ಕೈ ಕುಲುಕಿದ್ವಿ. ಜಗಳ ಎಲ್ಲ ಮುಗೀತು."

"ನೀನು ಬಿಟ್ರೆ ಅದನ್ನ ನೋಡಿದವರು ಯಾರೂ ಇಲ್ಲ, ಅಲ್ವಾ?" ಎಂದಿತು ಹಿಂದಿನಿಂದ ಒಂದು ದನಿ. ಗೇಟಿನ ಪೇದೆ. ಕೊನೆಗೂ ಮನಸ್ಸು ಕರಗಿ ನಮ್ಮನ್ನು ಹಿಂಬಾಲಿಸಿ ಬಂದಿದ್ದ. ಬಿರ್ಗರನ ಬೀಡಿನ ಮುಂದೆ ಹಿಮದಲ್ಲಿ ನೆಟ್ಟಿದ್ದ ಸ್ಕೀಗಳ ಸಾಲಿನತ್ತ ಅವನು ಕೈತೋರಿಸುವಷ್ಟರಲ್ಲಿ ರಾಗ್ನಾ ಚೀರಿದಳು. ಸಾಲಿನ ತುದಿಯಲ್ಲಿದ್ದ ಹಳದಿ ಸ್ಕೀ ಜೋಡಿ ಓದ್ವಾರನದು. ಅವಳೇ ಕೊಡಿಸಿದ್ದು.

"ಏನ್ ಮಾಡ್ದೆ ಅವನನ್ನ?" ಎಂದು ರಾಗ್ನಾ ಬಿರ್ಗರನ ಕೋಟು ಹಿಡಿದಳು. "ಎಲ್ಲಿ ಹಾಕ್ದೆ ಹೇಳು. ಬದುಕಿದ್ರೂ ಹೇಳು, ಸತ್ತಿದ್ರೂ ಹೇಳು."

"ನನಗೆ ಗೊತ್ತಿಲ್ಲ ತಾಯಿ, ದೇವರಾಣೆ ಗೊತ್ತಿಲ್ಲ." ಅವನ ಮುಖ ಸುಣ್ಣದಂತಾಗಿತ್ತು. "ಇಲ್ಲಿ ಯಾರು ಬೇಕಾದ್ರೂ ಸ್ಕೀ ನೆಟ್ಟು ಹೋಗ್ತಾರೆ. ಯಾರು ಎಣಿಸ್ತಾರೆ?"

ಪೇದೆ ಕೈಕೋಳ ತೆಗೆದ. ನನಗಂತೂ ಕಥೆ ಮುಗಿದಂತೆಯೇ ಅನಿಸಿತು. ಗುನ್ವೋರ್ ಮಾತ್ರ ಬಿರ್ಗರನ ಗುಂಡಿಯೊಳಗೆ ಇಣುಕುತ್ತಿದ್ದಳು. ತಳದಲ್ಲಿ, ಕೆಂಡದ ಸುತ್ತ, ನೆಲದ ಕಪ್ಪು ಪಾಚಿ ಕಾಣುತ್ತಿತ್ತು.

"ನಿಮ್ಮ ಬೆಂಕಿ ಯಾವಾಗಿನದು?" ಎಂದು ಕೇಳಿದಳು.

"ಬುಧವಾರದ್ದು. ಯಾಕೆ?"

ಅವಳ ಮುಖದ ಬಣ್ಣ ಬದಲಾಯಿತು. ಅವಳನ್ನು ಬಲ್ಲ ಇಷ್ಟು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಸಲಿಕೆ ತಗೊಳ್ಳಿ, ಎಲ್ಲರೂ. ಸಿವರ್ಟ್, ನೀನು ಆ ಗಂಟೆ ಕಿತ್ಕೊ. ಹೇಗಾದ್ರೂ ಸರಿ, ಮೊದಲು ಅದನ್ನ ನಿಲ್ಸು."

ಅಷ್ಟರಲ್ಲಿ ಧ್ವನಿವರ್ಧಕ ಗುಡುಗಿತು. ಒಬ್ಬೊಬ್ಬರಾಗಿ ಬಿಡುವ ಓಟಗಾರರಲ್ಲಿ ಮೊದಲನೆಯವನು ಹೊರಟಿದ್ದ. ಕಾಡಿನುದ್ದಕ್ಕೂ ಗಂಟೆಗಳು ಎದ್ದವು, ಕೂಗು ಎದ್ದಿತು. ನಾನು ತೋರ್ಗೈರನ ಕೈಗೆ ಜೋತುಬಿದ್ದೆ. ಅವನು ನನ್ನನ್ನು ಕೊಡವಿ ಬಿಸಾಡುವಷ್ಟು ಬಲಶಾಲಿ. ನಾನು ಗಂಟೆಯ ನಾಲಿಗೆಯನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡೆ. ಬೆರಳು ಜಜ್ಜಿಹೋಯಿತು, ಬಿಡಲಿಲ್ಲ. ಬಿರ್ಗರನ ಜನ ತೋರ್ಗೈರನ ಡೇರೆಯ ಗೂಟ ಕಿತ್ತು ಅದನ್ನು ಹಾಗೆಯೇ ಎತ್ತಿ ಪಕ್ಕಕ್ಕೆಸೆದರು. ಕೆಳಗೆ ತುಳಿದು ಗಟ್ಟಿ ಮಾಡಿದ ಬಿಳಿ ಹಿಮ. ಓಟಗಾರ ಹಾದುಹೋದ, ಸುತ್ತಲಿನ ಗಂಟೆಗಳು ನಿಂತವು.

ಆಗ ನೆಲದೊಳಗಿಂದ ಒಂದು ನರಳಾಟ ಕೇಳಿಸಿತು.

ರಾಗ್ನಾ ಸಲಿಕೆಗೆ ಕಾಯದೆ ಬರಿಗೈಯಲ್ಲಿ ತೋಡತೊಡಗಿದಳು. ಹಿಮದ ಕೆಳಗೆ ಸ್ಪ್ರೂಸ್ ಕೊಂಬೆಗಳು, ಕೊಂಬೆಗಳ ಕೆಳಗೆ ಕೊರಡುಗಳು, ಅದರ ಕೆಳಗೆ ಆರಿದ ಬೂದಿಯ ಮೇಲೆ ಮುದುಡಿ ಮಲಗಿದ್ದ ಓದ್ವಾರ್. ತಲೆಯಲ್ಲಿ ಹೆಪ್ಪುಗಟ್ಟಿದ ರಕ್ತ, ನೀಲಿಯಾದ ತುಟಿ. ಉಸಿರಿತ್ತು, ಇದ್ದೂ ಇಲ್ಲದ ಹಾಗೆ. ಜಾರುಬಂಡಿಯಲ್ಲಿ ಮಲಗಿಸಿ ಹಿಮದ ಮೇಲೆ ಓಡುವ ಸ್ಕೂಟರಿಗೆ ಕಟ್ಟಿ ಕರೆದೊಯ್ದರು. ರಾಗ್ನಾ ಅವನ ಮೇಲೆ ಬೋರಲು ಮಲಗಿ ತನ್ನ ಮೈಯನ್ನೇ ಅವನಿಗೆ ಹೊದಿಸಿ ಹೋದಳು. ಸ್ಕೂಟರಿನ ಜೊತೆ ಬಂದಿದ್ದ ವೈದ್ಯ, ಅವನು ಬದುಕುತ್ತಾನೋ ಇಲ್ಲವೋ ಎಂದು ಹೇಳಲು ಒಪ್ಪಲಿಲ್ಲ.

ತೋರ್ಗೈರನನ್ನು ಕರೆದೊಯ್ಯಲು ಇನ್ನೊಂದು ಸ್ಕೂಟರ್ ಬರುವವರೆಗೆ ನಾವೆಲ್ಲ ಬಿರ್ಗರನ ಗುಂಡಿಯ ಸುತ್ತ ಕುಳಿತೆವು. ನಡುವೆ ಪೇದೆಯ ಪಕ್ಕದಲ್ಲಿ ಕೋಳ ತೊಟ್ಟ ತೋರ್ಗೈರ್. ಯಾರೋ ಅವನಿಗೂ ಕಾಫಿ ಕೊಟ್ಟಿದ್ದರು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದ ಪೇದೆ. ಅವನ ದನಿ ಸಣ್ಣದಾಗಿತ್ತು.

"ನೀನು ಕೂತಿರೋದು ಎಲ್ಲಿ ನೋಡು," ಎಂದಳು ಗುನ್ವೋರ್. "ಮೂರು ರಾತ್ರಿ ಉರಿದ ಬೆಂಕಿ ಇಲ್ಲಿ ನೆಲ ಮುಟ್ಟಿದೆ. ಕಾಡಲ್ಲಿ ಎಲ್ಲರದ್ದೂ ಹಾಗೇ. ತೋರ್ಗೈರ್ ಮಾತ್ರ ದಾರಿಗೆ ಪೂರ್ತಿ ಕಾಣೋ ಹಾಗೆ ಮೇಲೆ ಕೂತಿದ್ದ. ಅವನ ಬೆಂಕಿ ಹಿಮದಲ್ಲಿ ಒಂದು ಗೇಣು ಇಳಿದಿತ್ತು ಅಷ್ಟೇ. ಅಂದ್ರೆ ಬೆಳಗ್ಗೆ ಹಚ್ಚಿದ್ದು. ಇವತ್ತು ಹಚ್ಚಿದ್ದು ಅಂದಿದ್ರೆ ನಾನು ಸುಮ್ಮನಾಗ್ತಿದ್ನೇನೋ. ಆದ್ರೆ ಬೆಂಕಿ ಆರಿಸಿದವನು ಅಂತ ಅನ್ನಿಸ್ಕೊಳ್ಳೋಕೆ ಅವನಿಗೆ ನಾಚಿಕೆ. ಹಾಗಾದ್ರೆ ಹಳೇ ಗುಂಡಿ ಎಲ್ಲಿ? ಬೆಂಕಿ ಇರೋದು ಯಾವಾಗಲೂ ಡೇರೆ ಬಾಗಿಲಿಗೆ. ಡೇರೇನ ನಾಲ್ಕು ಹೆಜ್ಜೆ ಮುಂದಕ್ಕೆ ಎಳೆದ್ರೆ ಗುಂಡಿ ಅದರ ಅಡಿಗೆ ಹೋಗುತ್ತೆ. ಯಾರಾದ್ರೂ ಗುಂಡಿ ಮುಚ್ಚಿ ಮೇಲೆ ಡೇರೆ ಯಾಕೆ ಹಾಕ್ತಾರೆ?"

"ಮತ್ತೆ ಸ್ಕೀ?" ಎಂದೆ.

"ಮನೆಗೆ ಹೋದ ಅಂದಮೇಲೆ ಸ್ಕೀ ಇವನ ಡೇರೆ ಹತ್ತಿರ ಇರಬಾರದಲ್ಲ. ಮಲಗಿರೋರ ಸಾಲಲ್ಲಿ ನೆಟ್ಟುಬಂದ. ಕಂಡ್ರೆ ಬಿರ್ಗರನ ತಲೆಗೆ ಬರಲಿ ಅಂತ. ರಾಜಿ ಆಗಿದ್ದು ಓದ್ವಾರನಿಗೂ ಬಿರ್ಗರನಿಗೂ ಬಿಟ್ರೆ ತೋರ್ಗೈರನಿಗೆ ಮಾತ್ರ ಗೊತ್ತು, ಬೇರೆಯವರಿಗೆ ಗೊತ್ತಿದ್ದದ್ದು ಜಗಳ ಅಷ್ಟೇ. ಬಿರ್ಗರ್, ಬೆಳಗ್ಗೆ ಓದ್ವಾರ್ ಏನು ಹೇಳೋಕೆ ಬಂದಿದ್ದ?"

ಬಿರ್ಗರ್ ಕಾಫಿ ಲೋಟವನ್ನೇ ನೋಡುತ್ತಿದ್ದ. "ಮುಂದಿನ ವರ್ಷದಿಂದ ಆ ಜಾಗ ನೀನೇ ಇಟ್ಕೊ ಅಂದ. ಮಂಡಿ ನೋವಂತೆ. ಹೆಂಡತಿ ಜೊತೆ ಗ್ಯಾಲರೀಲಿ ಕೂತು ನೋಡ್ತೀನಿ ಅಂದ. ತೋರ್ಗೈರಿಗೆ ಈಗ ಹೋಗಿ ಹೇಳ್ಬೇಕು, ಅದಕ್ಕೇ ಭಯ ಅಂದ."

"ನನ್ನನ್ನ ಕೇಳ್ಬೇಕಿತ್ತು," ಎಂದ ತೋರ್ಗೈರ್. "ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ವರ್ಷವಿಡೀ ಈ ನಾಲ್ಕು ದಿನಕ್ಕೆ ಕಾಯ್ತೀನಿ ನಾನು. ಬೆಂಕಿ ಮುಂದೆ ಕೂತು, ಇದೇ ಕೊನೆ ಕಣೋ ಅಂದುಬಿಟ್ಟ. ನನ್ನ ಕೈಲಿ ಕೊರಡಿತ್ತು. ಗುಂಡಿಗೆ ಬಿದ್ದ. ಸತ್ತ ಅಂದ್ಕೊಂಡೆ. ಸತ್ತೇಹೋದ ಅಂದ್ಕೊಂಡು ಕೆಂಡ ಆರಿಸಿ ಮುಚ್ದೆ."

ಒಂದು ಗಳಿಗೆ ನನಗೂ ಅವನ ಮೇಲೆ ಅಯ್ಯೋ ಅನಿಸಿತು.

"ಸತ್ತ ಅಂದ್ಕೊಂಡವನು ಗಂಟೆ ಯಾಕೆ ಬಾರಿಸ್ದೆ?" ಎಂದಳು ಗುನ್ವೋರ್.

ತೋರ್ಗೈರ್ ಕಾಫಿ ಲೋಟವನ್ನು ಬಾಯಿಗೆತ್ತಿದ.

"ಓಟ ಶುರುವಾಗೋ ಮೊದಲು ಕಾಡಲ್ಲಿ ಒಂದೇ ಗಂಟೆ ಕೇಳಿಸ್ತಿತ್ತು. ಇಲ್ಲಿ ಎಲ್ಲರೂ ಗಂಟೆ ಕೆಳಗಿಟ್ಟಿದ್ರು, ಓಟಗಾರನೇ ಇಲ್ಲದಾಗ ಯಾರಿಗೆ ಬಾರಿಸ್ತಾರೆ? ಕೆಳಗಿಡು ಅಂದ್ರೂ ನೀನು ಇಡ್ಲಿಲ್ಲ. ಡೇರೆ ಅಡಿಯಿಂದ ಬರೋ ಸದ್ದು ಬೇರೆಯವರ ಕಿವಿಗೆ ಬೀಳಬಾರದು ಅಂತಿದ್ದವನು ಮಾತ್ರ ಹಾಗೆ ಬಾರಿಸ್ತಾನೆ. ಅದು ಗೊತ್ತಾದಾಗಲೇ ನಾನು ಓಡಿದ್ದು. ಕೊರಡು ಬೀಸಿದ್ದು ಸಿಟ್ಟಲ್ಲಿ, ಒಪ್ಪಿದೆ. ಅವನು ಬದುಕಿದ್ದಾನೆ ಅಂತ ಗೊತ್ತಾದಮೇಲೂ ಅವನ ಮೇಲೆ ಕೂತಿದ್ದೆಯಲ್ಲ, ಅದಕ್ಕೆ ಏನು ಹೇಳ್ತೀಯ? ಅವನ ಹೆಂಡತಿ ಎದುರಿಗೆ ನಿಂತು ಸಿಕ್ಕಿದ್ನಾ ಅಂತ ಕೇಳ್ದೆಯಲ್ಲ?"

ಬಿರ್ಗರ್ ಎದ್ದು ತೋರ್ಗೈರನ ಕೈಯಿಂದ ಕಾಫಿ ಲೋಟವನ್ನು ತೆಗೆದುಕೊಂಡು ಚೆಲ್ಲಿದ.

ಓದ್ವಾರ್ ಎರಡು ದಿನ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ರಾಗ್ನಾ ಊಟ ನಿದ್ದೆ ಬಿಟ್ಟು ಅವನ ಕೈ ಹಿಡಿದು ಕುಳಿತಿದ್ದಳು. ನಾನೂ ಗುನ್ವೋರೂ ಹೋಗಿ ಬರುತ್ತಿದ್ದೆವು, ನಾನು ಒತ್ತಾಯ ಮಾಡಿ ಅವಳಿಗೆ ಸೂಪು ಕುಡಿಸುತ್ತಿದ್ದೆ. ಸೋಮವಾರ ಮಧ್ಯಾಹ್ನ ನಾವು ಅಲ್ಲಿದ್ದಾಗಲೇ ಅವನಿಗೆ ಎಚ್ಚರವಾಯಿತು. ಹೆಂಡತಿಯನ್ನು ಗುರುತು ಹಿಡಿದ. ಅವಳು ಅಳುವುದಕ್ಕೂ ಶಕ್ತಿಯಿಲ್ಲದೆ ಅವನ ಅಂಗೈಗೆ ಹಣೆಯಿಟ್ಟುಕೊಂಡಳು.

ಹೊಡೆತದ ನೆನಪು ಅವನಿಗೆ ಇರಲಿಲ್ಲ. ಕತ್ತಲಲ್ಲಿ ಬೆಂಕಿಯ ಮುಂದೆ ಕುಳಿತು ಮಾತಾಡಿದ್ದೇ ಕೊನೆಯ ನೆನಪು. ಅದನ್ನು ಹೇಳಿ, ಕೋಣೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ ಕೇಳಿದ:

"ತೋರ್ಗೈರ್ ಎಲ್ಲಿ?"

ರಾಗ್ನಾ ಅವನ ಹೊದಿಕೆ ಸರಿಮಾಡಿದಳು.

"ನಾನು ಹಾಗೆ ಹೇಳಬಾರದಿತ್ತು. ಅವನ ಮುಖ ನೋಡೋಕಾಗ್ಲಿಲ್ಲ," ಎಂದ ಓದ್ವಾರ್. ಒಂದೊಂದು ಮಾತಿಗೂ ಏದುಸಿರು ಬಿಡುತ್ತಿದ್ದ. "ಮಂಡಿ ನೋವನ್ನ ಹೇಗೋ ಸಹಿಸ್ಕೋತೀನಿ. ಮುಂದಿನ ವರ್ಷಾನೂ ಬರ್ತೀನಿ ಅಂತ ಅವನಿಗೆ ಹೇಳು, ರಾಗ್ನಾ. ಇವತ್ತೇ ಹೇಳು."

ರಾಗ್ನಾ ಗುನ್ವೋರಳ ಕಡೆ ನೋಡಿದಳು. ಎಲ್ಲದಕ್ಕೂ ಉತ್ತರವಿರುವ ಗುನ್ವೋರ್ ಸೂಪಿನ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು.

"ಹೇಳ್ತೀನಿ," ಎಂದಳು ರಾಗ್ನಾ.