ಪಕ್ಕದ ಕುರ್ಚಿ

ವೇದಿಕೆಯ ಪಕ್ಕದ ಕೋಣೆಯಲ್ಲಿ ಅವಳು ಚಿಲಕ ಹಾಕಿಕೊಂಡು ಕೂತಿದ್ದಳು. ಗೋಡೆಯಾಚೆಯ ಹಾಲ್‌ನಲ್ಲಿ ಅವಳಿಗೇ ಸನ್ಮಾನ. ಮಕ್ಕಳು ಓದು ಕಲಿಯುವ ಬಗೆಯನ್ನು ಅವರ ಪಕ್ಕ ಕೂತೇ ಕಂಡುಕೊಂಡವಳು, ಎಷ್ಟೋ ಶಾಲೆಗಳಿಂದ ಬೆತ್ತ ಓಡಿಸಿದವಳು. ಈಗ ವೇದಿಕೆ ಹತ್ತಿ ಭಾಷಣ ಓದಬೇಕು.

ಆದರೆ ಓದಲು ಬರುತ್ತಿಲ್ಲ. ಹೋದ ತಿಂಗಳು ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಾತು ಉಳಿಯಿತು, ಬರೆಯುವ ಕೈಯೂ ಉಳಿಯಿತು. ಬರೆದದ್ದು ಮಾತ್ರ ಕಣ್ಣಿಗೆ ಬರಿಯ ಗೀರು. ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ಬಾಗಿಲು ಬಡಿದ ಸದ್ದು, ಹೊರಗಿನಿಂದ ಪರಿಚಿತ ದನಿ. ಅವಳ ಪುಸ್ತಕಗಳಿಗೆಲ್ಲ ಚಿತ್ರ ಬರೆದ ಚಿತ್ರಗಾರ. ಇವನಿಗಂತೂ ಗೊತ್ತಾಗಬಾರದು! ಗಾಬರಿಯಲ್ಲಿ ಒಂದು ಹಾಳೆ ಕೈಗೆತ್ತಿಕೊಂಡು ಚಿಲಕ ತೆಗೆದಳು.

"ಏನ್ ಮೇಡಂ, ತಯಾರಿ ಜೋರಾ?"

"ಭಾಷಣ ನೋಡ್ಕೋತಾ ಇದ್ದೆ."

ಅವನು ಕನ್ನಡಕದ ಮೇಲಿಂದ ತುಂಟ ನೋಟ ಬೀರಿದ. "ಅದು ಊಟದ ಮೆನು. ಓದಿ, ಎಲ್ಲರ ಬಾಯಲ್ಲೂ ನೀರೂರಲಿ."

ಅವಳು ನಗಲಿಲ್ಲ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವನ ಮುಖದ ನಗುವೂ ಇಳಿಯಿತು.

ಅವನು ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕೂತ, ಎದುರಿಗಲ್ಲ. ಏನೂ ಕೇಳಲಿಲ್ಲ. ಅದು ಅವಳದೇ ನಿಯಮ: ಪಕ್ಕ ಕೂರಬೇಕು, ಮಗು ತಾನಾಗಿ ಹೇಳುವವರೆಗೂ ಕಾಯಬೇಕು.

"ಅಕ್ಷರ ಗುರುತೇ ಸಿಗ್ತಿಲ್ಲ," ಎಂದಳು ಕೊನೆಗೆ. "ತುಂಬಾ ಹೆದರಿಕೆ ಆಗ್ತಿದೆ. ಪುಸ್ತಕವೇ ಇಲ್ಲ ಅಂದ್ಮೇಲೆ ನೀವು ಚಿತ್ರ ಹಿಡ್ಕೊಂಡು ಯಾಕೆ ಬರ್ತೀರಿ?"

"ಚಿತ್ರ ಕೊಡೋಕೆ ಬರ್ತಿದ್ದೆ ಅಂದ್ಕೊಂಡ್ರಾ? ಅದನ್ನ ಪೋಸ್ಟಲ್ಲೂ ಕಳಿಸಬಹುದಿತ್ತು."

ಅವಳ ಕೆನ್ನೆ ಬಿಸಿಯಾಯಿತು. "ಮತ್ತೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ನಿಮ್ಮ ನಿಯಮ ಅಲ್ವಾ? ನೀವಾಗೇ ಹೇಳಲಿ ಅಂತ ಕಾಯ್ತಿದ್ದೆ."

"ಅಯ್ಯೋ! ಅದು ಆರು ವರ್ಷದ ಮಕ್ಕಳಿಗೆ ಕಣ್ರೀ!"

ಇಬ್ಬರೂ ನಕ್ಕರು. ನಗುತ್ತಲೇ ಅವಳಿಗೆ ಅಳು ಬಂತು. ಆಚೆ ಮೈಕ್‌ನಲ್ಲಿ ಅವಳನ್ನು ಕರೆದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಅವನು ಅವಳ ತೋರುಬೆರಳು ಹಿಡಿದು ಮೇಜಿನ ಮೇಲೆ ನಿಧಾನ ಒಂದು ಅಕ್ಷರ ತಿದ್ದಿಸಿದ, ಅವಳು ಮಕ್ಕಳಿಗೆ ತಿದ್ದಿಸುತ್ತಿದ್ದ ಹಾಗೆಯೇ. ಕಣ್ಣಿಗೆ ಸಿಗದ್ದು ಬೆರಳಿಗೆ ಸಿಕ್ಕಿತು.

"ಬಾ," ಎಂದು ಓದಿದಳು.

ಭಾಷಣವನ್ನು ಮೇಜಿನ ಮೇಲೇ ಬಿಟ್ಟಳು. "ನನಗೆ ಓದೋಕೆ ಬರಲ್ಲ ಅಂತ ಅವರಿಗೂ ನಾನೇ ಹೇಳ್ತೀನಿ. ನೀವು ಪಕ್ಕದಲ್ಲೇ ಇರಿ."

ಬಾಗಿಲು ದಾಟಿ ವೇದಿಕೆಯ ಕಡೆ ನಡೆದಳು. ಅವನ ಕೈಯನ್ನು ಎಲ್ಲರೆದುರೂ ಬಿಡಲಿಲ್ಲ.