ವಿಷದಕ್ಕನ ಕಣ್ಣು

ಸ್ಟೇಷನ್ ರೈಟರ್ ಮೊಹರಿನ ಪ್ಯಾಡಿಗೆ ಶಾಯಿ ಹನಿಸುತ್ತಿದ್ದರು. ಒಂದು ಹನಿ ಹಾಕಿ, ಅದು ಬಟ್ಟೆಯೊಳಗೆ ಇಂಗುವವರೆಗೆ ಕಾದು, ಇನ್ನೊಂದು ಹನಿ. ಎದುರು ಬೆಂಚಿನ ಮಹಿಳಾ ಕಾನ್‌ಸ್ಟೆಬಲ್ ಅದನ್ನೇ ನೋಡುತ್ತ ಕೂತಿದ್ದಳು.

ಶನಿವಾರ ಬೆಳಿಗ್ಗೆ 10.20ಕ್ಕೆ ಹಳೇ ಜೈಲಿನ ವಸ್ತುಸಂಗ್ರಹಾಲಯದ ಕ್ಯುರೇಟರ್ ಒಳಗೆ ಬಂದರು.

"ಕಣ್ಣು ಕಳುವಾಗಿದೆ," ಎಂದರು.

"ಯಾರದು?" ರೈಟರ್ ತಲೆ ಎತ್ತಲಿಲ್ಲ.

"ವಿಷದಕ್ಕಂದು."

ಶಾಯಿ ಬಾಟಲಿ ಹಿಡಿದ ಕೈ ಅಲ್ಲೇ ನಿಂತಿತು. ವಿಷದಕ್ಕನನ್ನು ತಿಳಿಯದವರು ಆ ಊರಲ್ಲಿರಲಿಲ್ಲ. ಎಂಬತ್ತು ವರ್ಷದ ಹಿಂದೆ ಅದೇ ಜೈಲಿನಲ್ಲಿ ಗಲ್ಲಿಗೇರಿದ ಹೆಂಗಸು. ಆರು ಜನರಿಗೆ ವಿಷ ಉಣಿಸಿ, ಅವರು ಸಾಯುವುದನ್ನು ನಗುತ್ತ ನೋಡಿದಳೆಂದು ನಾಟಕಗಳಲ್ಲಿ, ಕಾದಂಬರಿಗಳಲ್ಲಿ ಬಂದಿತ್ತು. ಊಟಕ್ಕೆ ಹಟ ಮಾಡುವ ಮಕ್ಕಳ ಮುಂದೆ ಅವಳ ಹೆಸರೆತ್ತಿದರೆ ಸಾಕಿತ್ತು. ಜೈಲು ವಸ್ತುಸಂಗ್ರಹಾಲಯವಾದ ಮೇಲೆ ಅಲ್ಲಿ ಅವಳ ಮೇಣದ ಪ್ರತಿಮೆ ನಿಂತಿತು. ಕೈಯಲ್ಲಿ ಬಟ್ಟಲು, ಅಗಲ ಬಾಯಿಯ ನಗು, ಕೆಂಡದಂಥ ಗಾಜಿನ ಕಣ್ಣು.

ಇನ್ಸ್‌ಪೆಕ್ಟರ್ ತಮ್ಮ ಕೋಣೆಯಿಂದ ಹೊರಬಂದರು. "ಅಂದ್ರೆ ಈಗ ಅಲ್ಲಿ ಬರೀ ತೂತಾ?"

"ಅದೇ ಸರ್ ವಿಚಿತ್ರ. ಬೇರೆ ಕಣ್ಣು ಇಟ್ಟಿದ್ದಾರೆ. ನಮಗೂ ತಕ್ಷಣ ಗೊತ್ತಾಗ್ಲಿಲ್ಲ. ಜನ ಅವಳ ಪಕ್ಕ ಹಲ್ಕಿರಿದು ಫೋಟೊ ತೆಗೆಸ್ಕೊಳ್ಳೋರು. ಒಂದು ವಾರದಿಂದ ಯಾರೂ ತೆಗೆಸ್ಕೊಳ್ತಿಲ್ಲ. ಸುಮ್ನೆ ನಿಂತು, ನೋಡಿ, ಹೋಗ್ತಾರೆ. ಯಾಕಿರಬಹುದು ಅಂತ ನಾನೂ ಹೋಗಿ ನೋಡ್ದೆ." ಕ್ಯುರೇಟರ್ ಮೇಜಿನ ಹತ್ತಿರಕ್ಕೆ ಬಂದರು. "ಸೋಮವಾರ ಶಾಲೆ ಮಕ್ಕಳು ಬರ್ತಾರೆ. ಅಷ್ಟರೊಳಗೆ ನಮ್ಮ ಕೆಂಪು ಕಣ್ಣು ವಾಪಸ್ ಬೇಕು ಸರ್. ಅವಳನ್ನ ಕಂಡ್ರೆ ಹೆದರಿಕೆ ಆಗ್ಬೇಕು. ಅದಕ್ಕೇ ಇಟ್ಟಿರೋದು."

ಕಳವು ಮತ್ತು ಸರ್ಕಾರಿ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದೂ ಕಾಲಿಗೆ ಜೀಪು ಹಳೇ ಜೈಲಿನ ಮುಂದಿತ್ತು.

"ಗೊಂಬೆ ಕೇಸಿಗೆ ನಮ್ಮನ್ನ ಓಡಾಡಿಸ್ತಾರಲ್ಲ," ಎನ್ನುತ್ತಲೇ ಇನ್ಸ್‌ಪೆಕ್ಟರ್ ಒಳಗೆ ಹೋದರು. ಮೂಲೆಯ ಸೆರೆಕೋಣೆಯ ಮುಂದೆ ಹತ್ತಾರು ಜನ ನಿಂತಿದ್ದರು. ಒಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಇನ್ಸ್‌ಪೆಕ್ಟರ್ ಕಂಬಿಗಳ ಆಚೆಯ ಪ್ರತಿಮೆಯನ್ನು ನೋಡಿದರು.

ಬಾಯಿ ಮೊದಲಿನಂತೆಯೇ ನಗುತ್ತಿತ್ತು, ಕಣ್ಣು ಮಾತ್ರ ಆ ಬಾಯಿಗೆ ಸೇರಿದ್ದಾಗಿರಲಿಲ್ಲ. ಅದರಲ್ಲಿ ಕೋಪವಿರಲಿಲ್ಲ, ಕರುಣೆಯ ಬೇಡಿಕೆಯೂ ಇರಲಿಲ್ಲ. ಮಾಡಬಾರದ್ದನ್ನು ಮಾಡಿ, ಮಾಡಿದ್ದೇನೆಂದು ಪೂರ್ತಿ ತಿಳಿದುಕೊಂಡವಳ ಕಣ್ಣು ಅದು. ಇನ್ಸ್‌ಪೆಕ್ಟರ್ ತಮ್ಮ ಸೇವೆಯಲ್ಲಿ ಎಷ್ಟೋ ಕೊಲೆಗಾರರನ್ನು ಹಿಡಿದಿದ್ದರು. ಹಿಡಿದ ಮರುದಿನ ಬೆಳಿಗ್ಗೆ ಲಾಕಪ್ಪಿನ ಮೂಲೆಯಿಂದ ಅಂಥವರು ನೋಡುವ ಒಂದು ನೋಟವುಂಟು. ಯಾವ ಸಿನಿಮಾದವರೂ ಅದನ್ನು ತೋರಿಸಿದ್ದನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. ಈಗ ಮೇಣದ ಮುಖದಲ್ಲಿ ಕಂಡರು.

"ಜನರನ್ನ ಹೊರಗೆ ಕಳಿಸಿ," ಎಂದರು. ದನಿ ತಾನಾಗಿ ತಗ್ಗಿತ್ತು.

ಕಾನ್‌ಸ್ಟೆಬಲ್ ಟಾರ್ಚ್ ಹಾಕಿ, ಭೂತಗನ್ನಡಿ ಹಿಡಿದು ನೋಡಿದಳು. ಕಂದು ಪಾಪೆ. ಬಲಗಣ್ಣಿನ ಕರಿಬೊಟ್ಟಿನ ಕೆಳಗೆ ಜೇನಿನ ಬಣ್ಣದ ಒಂದು ಚುಕ್ಕೆ.

"ಇದು ಗೊಂಬೆ ಕಣ್ಣಲ್ಲ ಸರ್. ಮನುಷ್ಯರಿಗೆ ಹಾಕೋದು. ಈ ನರ ನೋಡಿ, ರೇಷ್ಮೆ ಎಳೆ. ನಮ್ಮ ಮಾವಂಗೆ ಗಿರಣೀಲಿ ಕಣ್ಣು ಹೋದಾಗ ಇಂಥದ್ದೇ ಕೂರಿಸಿದ್ರು. ಯಾವುದು ನಿಜದ್ದು ಅಂತ ಅತ್ತೆಗೇ ಗೊತ್ತಾಗ್ದೆ, ಹಾಕಿದ ಕಣ್ಣಿಗೇ ಎರಡು ದಿನ ಔಷಧಿ ಬಿಟ್ಟಿದ್ರು."

"ಮಾವ ಏನಂದ್ರು?"

"ತಣ್ಣಗಿದೆ, ಬಿಡು ಅಂದ್ರಂತೆ."

ಕಾವಲುಗಾರನನ್ನು ಕರೆಸಿದರು. ಅಲ್ಲಿಯವರೆಲ್ಲ ಅವನನ್ನು ಗೊರಕೆ ಎಂದೇ ಕರೆಯುತ್ತಿದ್ದರು.

"ಕಣ್ಣು ಮುಟ್ಟಿದೋರು ಯಾರು?"

"ಯಾರೂ ಇಲ್ಲ ಸ್ವಾಮಿ. ಒಂದು ನೊಣಾನೂ ಬಂದಿಲ್ಲ."

"ನಿದ್ದೇಲಿ ನೊಣ ಎಣಿಸ್ತಿದ್ಯಾ?"

ಗೊರಕೆ ಕಾಲಿನ ಹೆಬ್ಬೆರಳು ನೋಡಿಕೊಂಡ. "ಡಾಕ್ಟರಮ್ಮ ಒಬ್ರು ಬಂದಿದ್ರು. ಬಿಳಿ ಕೋಟು. ಕಣ್ಣು ನೋಡ್ಬೇಕು ಅಂದ್ರು. ಇಲಾಖೆಯವರು ಅನ್ಕೊಂಡೆ."

"ನೀನೇನ್ ಮಾಡ್ದೆ?"

"ಟಾರ್ಚ್ ಹಿಡ್ದೆ."

ಕ್ಯುರೇಟರ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಕಾನ್‌ಸ್ಟೆಬಲ್ ಗೋಡೆ ಕಡೆ ತಿರುಗಿ ನಗು ನುಂಗಿದಳು.

"ಕೈ ಅಲ್ಲಾಡಿಸಬೇಡಿ, ಅವಳಿಗೆ ನೋವಾಗುತ್ತೆ ಅಂದ್ರು ಸ್ವಾಮಿ," ಗೊರಕೆ ಹೇಳಿದ. "ನಂಗೂ ಆವಾಗ ಅದು ಹೌದು ಅನ್ನಿಸ್ತು."

ಪಂಚನಾಮೆ ಮುಗಿಸಿ, ಕೋಣೆಗೆ ಬೀಗ ಹಾಕಿಸಿದರು. ಊರಿನಲ್ಲಿ ಕೃತಕ ಕಣ್ಣು ಮಾಡುತ್ತಿದ್ದುದು ಒಂದೇ ಕಡೆ, ಕಣ್ಣಾಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ.

ಮಧ್ಯಾಹ್ನ 3.40. ಬಿಳಿ ಕೋಟಿನ, ಐವತ್ತು ದಾಟಿದ ಹೆಂಗಸು ಕಿಟಕಿಯ ಬೆಳಕಿಗೆ ಕೂತು, ಕೂದಲೆಳೆಯಂಥ ಕುಂಚದಿಂದ ಒಂದು ಪಾಪೆಗೆ ಬಣ್ಣ ಹಚ್ಚುತ್ತಿದ್ದಳು. ಇನ್ಸ್‌ಪೆಕ್ಟರ್ ಪಕ್ಕದ ಡ್ರಾಯರ್ ಎಳೆದರು. ಕಪ್ಪು, ಕಂದು, ಬೂದು, ಸಾಲು ಸಾಲು ಕಣ್ಣುಗಳು ಒಟ್ಟಿಗೆ ಅವರತ್ತ ನೋಡಿದವು. ಮಲಗಿದ ಮಗುವಿನ ಕೋಣೆಯ ಬಾಗಿಲೇನೋ ಎಂಬಂತೆ ಅದನ್ನು ಮೆಲ್ಲಗೆ ಮುಚ್ಚಿದರು.

"ಹಳೇ ಜೈಲಿಗೆ ಹೋಗಿದ್ರಾ?"

"ಹೋಗಿದ್ದೆ."

"ಕೆಂಪು ಕಣ್ಣು ಎಲ್ಲಿ?"

ಅವಳು ಟ್ರೇ ಎತ್ತಿ, ಹತ್ತಿಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟಳು.

"ಯಾಕೆ ತೆಗೆದ್ರಿ?"

"ಅವಳು ನನ್ನಜ್ಜಿ."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದಳು.

"ಅಂದ್ರೆ, ಅವಳು ಕೊಲೆ ಮಾಡ್ಲಿಲ್ಲ ಅಂತೀರಾ?"

"ಮಾಡಿದ್ಲು. ಗಂಡನ್ನ. ತೀರ್ಪಿನಲ್ಲಿರೋದು ಅವನೊಬ್ಬನೇ. ಮಿಕ್ಕ ಐದು ಜನರನ್ನ ನಾಟಕದವರು ಸಾಯಿಸಿದ್ರು. ಆ ನಗೂನೂ ಅವರದ್ದೇ."

"ಅವಳ ಕಣ್ಣು ನೀವು ಕಂಡಿಲ್ಲವಲ್ಲ."

"ದಿನಾ ಕಾಣ್ತೀನಿ. ನಮ್ಮಮ್ಮನ ಮುಖದಲ್ಲಿ."

"ಆ ನೋಟ?" ತನಿಖೆಗೆ ಬೇಕಿಲ್ಲದ ಪ್ರಶ್ನೆ ಅದು. ಇನ್ಸ್‌ಪೆಕ್ಟರಿಗೆ ಕೇಳದೆ ಇರಲಾಗಲಿಲ್ಲ. "ಅದನ್ನ ಎಲ್ಲಿಂದ ತಂದ್ರಿ?"

"ತರ್ಲಿಲ್ಲ ಸರ್. ಅಮ್ಮನ ಬಣ್ಣ ಹಾಕ್ದೆ, ಆ ಜೇನಿನ ಚುಕ್ಕೆ ಸಮೇತ. ರೆಪ್ಪೆಯ ಮೇಣ ಒಂಚೂರು ಇಳಿಸ್ದೆ. ಮಿಕ್ಕಿದ್ದು ತಾನಾಗೇ ಬಂತು. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ."

ಸಂಜೆ 5.10ಕ್ಕೆ ಬಂಧನದ ಪತ್ರಕ್ಕೆ ಸಹಿಯಾಯಿತು. ಹೇಳಿಕೆಯಿಂದ ತಿಳಿದುಬಂದದ್ದು ಇಷ್ಟು. ವಿಷದಕ್ಕ ಜೈಲಿಗೆ ಬಂದಾಗ ಬಸುರಿ. ಹೆರಿಗೆಯಾಗುವವರೆಗೆ ಗಲ್ಲು ಮುಂದೂಡಿದ್ದರು. ಹುಟ್ಟಿದ ಹೆಣ್ಣುಮಗುವನ್ನು, ಅಂದರೆ ಬಂಧಿತೆಯ ತಾಯಿಯನ್ನು, ಜೈಲಿನ ವಾರ್ಡರಮ್ಮ ಸಾಕಿಕೊಂಡು, ನಿನಗೆ ಅವಳ ಕಣ್ಣೇ ಬಂದಿದೆ ಎಂದು ಆಗಾಗ ಹೇಳುತ್ತಿದ್ದಳು. ಮಗಳು ತಾಯಿಯ ಮುಖ ಕಂಡಿರಲಿಲ್ಲ. ಒಂದು ಚಿತ್ರವೂ ಇರಲಿಲ್ಲ. ಕಳೆದ ವರ್ಷ, ಎಂಬತ್ತರ ವಯಸ್ಸಿನಲ್ಲಿ, ಆಸೆಯಿಂದ ಪ್ರತಿಮೆ ನೋಡಲು ಹೋದಳು. ಕೆಂಡದ ಕಣ್ಣುಗಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಮನೆಗೆ ಬಂದು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಅಂದಿನಿಂದ ತನ್ನ ಮುಖ ನೋಡಿಕೊಂಡಿರಲಿಲ್ಲ.

ಕೆಂಪು ಕಣ್ಣುಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಕಾನ್‌ಸ್ಟೆಬಲ್ ಅರಗಿನ ಮುದ್ರೆ ಒತ್ತಿದಳು. ಇನ್ನೊಂದು ಚೀಲ ಖಾಲಿ ಉಳಿದಿತ್ತು.

"ಪ್ರತಿಮೇಲಿರೋ ಕಣ್ಣೂ ಜಪ್ತಿ ಮಾಡ್ಬೇಕು," ಇನ್ಸ್‌ಪೆಕ್ಟರ್ ಯಾರ ಮುಖವನ್ನೂ ನೋಡದೆ ಹೇಳಿದರು. "ಇವತ್ತೇ."

ಬಂಧಿತೆ ಬಿಳಿ ಕೋಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು.

"ಅಮ್ಮನ್ನ ಒಪ್ಪಿಸೋಕೆ ಒಂದು ವಾರ ಬೇಕಾಯ್ತು. ನಿನ್ನೆ ಹೂಂ ಅಂದ್ಲು. ನಾಳೆ ಕರ್ಕೊಂಡು ಹೋಗೋದಿತ್ತು," ಎಂದಳು. ಖಾಲಿ ಚೀಲ ಹಿಡಿದ ಕಾನ್‌ಸ್ಟೆಬಲ್‌ನ ಕಡೆಗೂ, ಇನ್ಸ್‌ಪೆಕ್ಟರ್ ಕಡೆಗೂ ನೋಡಿದಳು. "ಅವಳು ನೋಡೋವರೆಗೂ ಆ ಕಣ್ಣು ಅಲ್ಲೇ ಇರ್ಲಿ ಸರ್."

ಕಾನ್‌ಸ್ಟೆಬಲ್ ಖಾಲಿ ಚೀಲವನ್ನು ಮಡಿಸಿ ಮೇಜಿನ ಮೇಲಿಟ್ಟು, ಇನ್ಸ್‌ಪೆಕ್ಟರ್ ಮುಖ ನೋಡಿದಳು.